ತಪ್ಪು ಅಕ್ಷರದ್ದಲ್ಲ
ಕನ್ನಡ, ತೆಲುಗು ಎರಡೂ ಕಿವಿಗೆ ಬೀಳುವ ಐಜದಂಥ ಊರಿನಲ್ಲಿ ತೆಲುಗಿನ ‘ಜ್ಞಾ’ ಯಾರಿಗೂ ಹೊಸದಲ್ಲ. 2018ರ ಫೆಬ್ರವರಿಯಲ್ಲಿ ಅದೇ ಅಕ್ಷರ, ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿಸಿಕೊಂಡು ಬಂದರೆ, ಐಫೋನಿನ ಮೆಸೇಜ್ ಆ್ಯಪ್ ಬಿದ್ದೇಹೋಗುತ್ತಿತ್ತು. ಬೈಸಿಕೊಂಡದ್ದು ಪಾಪದ ಅಕ್ಷರ. ಮೆಮೊರಿ ಕೆಡಿಸಿಕೊಂಡದ್ದು ಅಕ್ಷರ ಜೋಡಿಸುವ ಪ್ರೋಗ್ರಾಂ. ಐಓಎಸ್ 11.2.6ರಲ್ಲಿ ಆ್ಯಪಲ್ ಅದನ್ನು ಸರಿಪಡಿಸಿತು.

ಇಂಥ ದೋಷ ಬೇಗ ಸಿಗುವುದಿಲ್ಲ. ಮೆಮೊರಿಯಲ್ಲಿ ಹತ್ತು ಅಂಕಣ ಕೇಳಿ ಪಡೆದ ಪ್ರೋಗ್ರಾಂ ಹನ್ನೊಂದನೆಯದರಲ್ಲಿ ಬರೆದರೆ ಆ ಕ್ಷಣ ಏನೂ ಆಗದಿರಬಹುದು. ಪಕ್ಕದ ಲೆಕ್ಕವನ್ನು ಇನ್ನಾರೋ ಓದುವಾಗ ಎಡವಟ್ಟು. ಹಾಗಾಗಿ ಬಿದ್ದ ಜಾಗವನ್ನಷ್ಟೇ ಕೆದಕಿದರೆ ಸಾಲದು. ಅಡ್ರೆಸ್‌ಸ್ಯಾನಿಟೈಸರ್ ಎಂಬ ಸಾಧನ ಕೊಟ್ಟ ಜಾಗದ ಅಂಚಿಗೆ ಬದು ಹಾಕಿ, ದಾಟಿದ ಸಾಲಿನಲ್ಲೇ ಹಿಡಿಯುತ್ತದೆ. ವೇಗ ಸುಮಾರು ಅರ್ಧಕ್ಕಿಳಿಯುತ್ತದಲ್ಲ ಎನ್ನುವವರುಂಟು. ನಿಜವೇ, ಆದರೆ ಅದನ್ನು ಹಚ್ಚುವುದು ಹೆಚ್ಚಾಗಿ ಪರೀಕ್ಷೆಯ ಹಂತದಲ್ಲಿ, ಗಿರಾಕಿಗೆ ಕೊಡುವ ಮೊದಲು.