ಬಯಾಸ್‌ಗೇ ಬೀಗ ಹಾಕಿದ ಚಾಲಕ ತಂತ್ರಾಂಶ

ಕಾರ್ಯಾಚರಣ ವ್ಯವಸ್ಥೆ ಕೆಟ್ಟರೆ ಮತ್ತೊಮ್ಮೆ ಅಳವಡಿಸಬಹುದು. ಆದರೆ ಲ್ಯಾಪ್‌ಟಾಪಿನ ಬಯಾಸ್ ಕೈಕೊಟ್ಟರೆ ಆ ದಾರಿಯೂ ಮುಚ್ಚೀತು. 2017ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ಉಬುಂಟು 17.10 ಆವೃತ್ತಿಯನ್ನು ಅಳವಡಿಸಿಕೊಂಡ ಕೆಲವರಿಗೆ ಇದೇ ಅನುಭವವಾಯಿತು.

ಗಣಕಕ್ಕೆ ಚಾಲನೆ ನೀಡುವ ಬಯಾಸ್ ಇರುವುದು ಹಾರ್ಡ್ ಡಿಸ್ಕಿನಲ್ಲಲ್ಲ, ಮದರ್‌ಬೋರ್ಡಿನ ಪುಟ್ಟ ಫ್ಲ್ಯಾಶ್ ಚಿಪ್ಪಿನಲ್ಲಿ. ಆ ಚಿಪ್ಪನ್ನು ನೇರವಾಗಿ ಮುಟ್ಟಬಲ್ಲ ‘ಇಂಟೆಲ್-ಎಸ್‌ಪಿಐ’ ಎಂಬ ಚಾಲಕ ಈ ಆವೃತ್ತಿಯ ಕರ್ನೆಲ್‌ನಲ್ಲಿ ಸಕ್ರಿಯವಾಗಿತ್ತು. ಪರಿಣಾಮವಾಗಿ ಲೆನೊವೊದ ಹಲವು ಮಾದರಿಗಳಲ್ಲಿಯೂ ಏಸರ್, ತೋಷಿಬಾಗಳ ಕೆಲವು ಮಾದರಿಗಳಲ್ಲಿಯೂ ಬಯಾಸ್‌ನಲ್ಲಿ ಮಾಡಿದ ಬದಲಾವಣೆಗಳು ಉಳಿಯದಾದವು. ಕೆಲವು ಯಂತ್ರಗಳು ಯುಎಸ್‌ಬಿಯಿಂದಲೂ ಆರಂಭವಾಗಲಿಲ್ಲ. ದೋಷ ಚಿಪ್ಪಿನಲ್ಲಿದ್ದುದರಿಂದ ಉಬುಂಟುವನ್ನು ಅಳಿಸಿದರೂ ಅದು ತೊಲಗಲಿಲ್ಲ.

ಉಬುಂಟುವಿನ ಸಂಸ್ಥೆ ಕೆನಾನಿಕಲ್ ಡಿಸೆಂಬರಿನಲ್ಲಿ ಡೌನ್‌ಲೋಡ್ ಸೌಲಭ್ಯವನ್ನು ಹಿಂತೆಗೆದುಕೊಂಡು, ಕರ್ನೆಲ್ ಪರಿಷ್ಕರಣೆಯಲ್ಲಿ ಆ ಚಾಲಕವನ್ನು ನಿಷ್ಕ್ರಿಯಗೊಳಿಸಿತು. ತಿದ್ದಿದ 17.10.1 ಆವೃತ್ತಿ 2018ರ ಜನವರಿಯಲ್ಲಿ ಹೊರಬಂತು. ಸರಿಪಡಿಸಿದ ಕರ್ನೆಲ್ ಮೂಲಕ ಯಂತ್ರವನ್ನು ಆರಂಭಿಸುವುದೇ ಪರಿಹಾರವೆಂದು ಸೂಚಿಸಲಾಯಿತು. ಆದರೆ ಉಬುಂಟುವನ್ನು ಆಗಲೇ ಅಳಿಸಿ, ಯುಎಸ್‌ಬಿಯಿಂದಲೂ ಆರಂಭಿಸಲಾಗದವರಿಗೆ ಆ ಪರಿಹಾರವೇ ಎಟುಕದಾಯಿತು.

ಆನಂತರ ಲಿನಕ್ಸ್ ಕರ್ನೆಲ್‌ನ ಆಯ್ಕೆಪಟ್ಟಿಯಲ್ಲಿ ಆ ಚಾಲಕದ ಹೆಸರಿನೊಂದಿಗೆ ‘ಅಪಾಯಕಾರಿ’ ಎಂಬ ಎಚ್ಚರಿಕೆ ಸೇರಿತು. ಸಾಮಾನ್ಯ ಬಳಕೆಗೆ ಬೇಡದ, ಫರ್ಮ್‌ವೇರನ್ನು ಮುಟ್ಟಬಲ್ಲ ಚಾಲಕವನ್ನು ಮೊದಲೇ ನಿಷ್ಕ್ರಿಯವಾಗಿಡುವುದು ಲೇಸೆಂಬುದೇ ಈ ಪ್ರಕರಣದ ಪಾಠ.