ಮೊಲದ ದಂತಚಿಕಿತ್ಸೆಯೂ ಮನೆಯವರ ಪಾಲೂ

ಭೀಮಾ ತೀರದ ಸನ್ನತಿಯಿಂದ ಮೊದಲ್ಗೊಂಡು ಚಿತ್ತಾಪುರ, ವಾಡಿ, ಶಹಾಬಾದ, ಸೇಡಂಗಳನ್ನು ಹಾದು ಚಿಂಚೋಳಿಯ ಕಾಡಿನ ಅಂಚಿನವರೆಗೆ ಹಬ್ಬಿರುವ ಈ ಸೀಮೆಯಲ್ಲಿ ಪಶುವೈದ್ಯಶಾಲೆ ಎಂದರೆ ಇಂದಿಗೂ ದನದ ದವಾಖಾನೆಯೇ. ಎತ್ತು, ಎಮ್ಮೆ, ಆಡು, ಕುರಿಗಳೇ ಒಕ್ಕಲುತನಕ್ಕೆ ಆಧಾರವಾಗಿರುವಲ್ಲಿ ವೈದ್ಯರ ಅಭ್ಯಾಸವೂ ಔಷಧದ ಕಪಾಟೂ ಅವುಗಳ ಅಳತೆಗೇ ಸಿದ್ಧವಾಗಿರುವುದು ಸಹಜ. ಅಂಥ ದವಾಖಾನೆಯ ಕಟ್ಟೆಯ ಮೇಲೆ ರಟ್ಟಿನ ಪೆಟ್ಟಿಗೆಯಲ್ಲಿ ಬಿಳಿಯ ಮೊಲವೊಂದನ್ನು ತಂದಿಟ್ಟುಕೊಂಡವರು, “ಸಾಹೇಬ್ರ, ಎರಡು ದಿನ ಆತ್ರಿ, ರೊಟ್ಟಿ ಹಾಕಿದ್ರ ಮೂಸಿ ನೋಡಿ ಹಿಂದ ಸರೀತದ” ಎಂದರೆ, ಆ ಒಂದು ಮಾತಿನಲ್ಲಿಯೇ ವ್ಯಾಧಿಯ ಲಕ್ಷಣವೂ ಅದರ ಕಾರಣವೂ ಜೊತೆಗೂಡಿ ಬಂದಿರುತ್ತವೆ. ಮೂಸಿ ನೋಡಿ ಹಿಂದೆ ಸರಿಯುವುದು ಲಕ್ಷಣ. ರೊಟ್ಟಿ ಹಾಕಿದ್ದು ಕಾರಣ.

ಮೊಲದ ಬಾಯಿಯಲ್ಲಿ 28 ಹಲ್ಲುಗಳಿವೆ. ಮೇಲ್ದವಡೆಯ ಮುಂಭಾಗದಲ್ಲಿ ಕಣ್ಣಿಗೆ ಬೀಳುವ ಎರಡು ಬಾಚಿಹಲ್ಲುಗಳ ಹಿಂದೆಯೇ ಅತಿ ಸಣ್ಣವಾದ ಇನ್ನೆರಡು ಅಡಗಿರುತ್ತವೆ. ಕೆಳದವಡೆಯಲ್ಲಿ ಎರಡು ಮಾತ್ರ. ಇಲಿ, ಅಳಿಲುಗಳಿಗೆ ಇಲ್ಲದ ಆ ಗುಪ್ತ ಜೋಡಿಯೂ ಒಂದು ಕಾರಣವಾಗಿ 1912ರಲ್ಲಿ ಗಿಡ್ಲಿ ಎಂಬ ಪ್ರಾಗ್ಜೀವಶಾಸ್ತ್ರಜ್ಞನು ಮೊಲಗಳನ್ನು ಅವುಗಳ ಗಣದಿಂದ ಬೇರ್ಪಡಿಸಿ ಪ್ರತ್ಯೇಕ ಗಣದಲ್ಲಿರಿಸಿದನು. ಕೋರೆಹಲ್ಲು ಮೊಲಕ್ಕಿಲ್ಲ, ಆ ಸ್ಥಾನದಲ್ಲಿ ಬರಿಯ ಒಸಡಿನ ತೆರಪಿದ್ದು, ಅದರಾಚೆಗೆ 22 ದವಡೆಹಲ್ಲುಗಳಿವೆ. ಇವೆಲ್ಲವೂ ಆಜೀವಪರ್ಯಂತ ಬೆಳೆಯುತ್ತಲೇ ಇರತಕ್ಕವು. ಬಾಚಿಹಲ್ಲು ವಾರಕ್ಕೆ 2ರಿಂದ 3 ಮಿಲಿಮೀಟರಿನಷ್ಟು, ಎಂದರೆ ವರ್ಷಕ್ಕೆ ಸುಮಾರು 10ರಿಂದ 16 ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಬೆಳೆದಷ್ಟೂ ಸವೆಯಲೆಂದು ಪ್ರಕೃತಿಯು ಮೊಲಕ್ಕೆ ಹುಲ್ಲನ್ನು ವಿಧಿಸಿದೆ: ಹುಲ್ಲಿನೊಳಗಿನ ಸೂಕ್ಷ್ಮವಾದ ಮರಳಿನ ಅಂಶವು ಹಲ್ಲನ್ನು ಅರೆಯುತ್ತದೆ, ಅದರ ಉದ್ದನೆಯ ನಾರನ್ನು ನುರಿಸುವುದಕ್ಕಾಗಿ ದವಡೆಯು ತಾಸುಗಟ್ಟಲೆ ಅಡ್ಡಡ್ಡಲಾಗಿ ಚಲಿಸುತ್ತದೆ. ರೊಟ್ಟಿ, ಅನ್ನ, ಚುರುಮುರಿ, ಬಿಸ್ಕತ್ತುಗಳನ್ನು ತಿನ್ನುವ ಮೊಲವಾದರೋ ದವಡೆಯನ್ನು ಮೇಲೆ ಕೆಳಗೆ ನಾಲ್ಕು ಸಲ ಆಡಿಸಿ ನುಂಗಿಬಿಡುತ್ತದೆ. ಹೊಟ್ಟೆ ತುಂಬುತ್ತದೆ, ಹಲ್ಲು ಸವೆಯುವುದಿಲ್ಲ.

ಸವೆಯದ ಬಾಚಿಹಲ್ಲು ಟಗರಿನ ಕೊಂಬಿನಂತೆ ಸುರುಳಿಗಟ್ಟಿ ತುಟಿಯನ್ನೋ ಅಂಗುಳವನ್ನೋ ಚುಚ್ಚತೊಡಗುವುದು ಯಾರಿಗಾದರೂ ಕಾಣುವಂಥದು. ಕಾಣದೆ ಕೊಲ್ಲುವುದು ಹಿಂದಿನ ಹಲ್ಲು. ಕೆಳದವಡೆಯ ಹಲ್ಲುಗಳ ಅಂಚಿನಲ್ಲೆದ್ದ ಮುಳ್ಳುಗಳು ನಾಲಗೆಯನ್ನೂ ಮೇಲ್ದವಡೆಯವು ಕೆನ್ನೆಯ ಒಳಮೈಯನ್ನೂ ಗೀರಿ ಹುಣ್ಣು ಮಾಡುತ್ತವೆ; ಬೇರಿನ ಕಡೆಗೂ ಬೆಳವಣಿಗೆ ಒತ್ತಿಕೊಂಡು ಹೋಗಿ ಕೆಳದವಡೆಯ ಎಲುಬು ಗಂಟುಗಟ್ಟುತ್ತದೆ, ಮೇಲೆ ಕಣ್ಣೀರಿನ ನಾಳ ಮುಚ್ಚಿ ಕಣ್ಣು ಸದಾ ಒಸರುತ್ತದೆ. ಗದ್ದ ಜೊಲ್ಲಿನಿಂದ ತೊಯ್ದಿರುವುದು, ಹುಲ್ಲನ್ನು ಬಿಟ್ಟು ಮೆತ್ತನೆಯದನ್ನಷ್ಟೇ ಆರಿಸುವುದು, ತುತ್ತು ಬಾಯಿಂದ ಜಾರಿ ಬೀಳುವುದು, ಬೆನ್ನೆಲುಬು ಕೈಗೆ ಹತ್ತುವುದು, ಬಾಯಿಟ್ಟು ತಿನ್ನಬೇಕಾದ ಮೆದು ಹಿಕ್ಕೆ ಹಿಂಭಾಗಕ್ಕೆ ಅಂಟಿಕೊಂಡೇ ಉಳಿಯುವುದು—ಇವುಗಳಲ್ಲಿ ಒಂದು ಕಂಡರೂ ಹಲ್ಲನ್ನು ಶಂಕಿಸತಕ್ಕದ್ದು. ಕುಳ್ಳು ಮೂತಿಯ ಗಿಡ್ಡ ತಳಿಗಳಲ್ಲಿ ದವಡೆಗಳೇ ಹುಟ್ಟಿನಿಂದ ಹೊಂದದಿರುವುದುಂಟು. ಅಲ್ಲಿ ಮಾತ್ರ ಆಹಾರವನ್ನು ದೂರುವಂತಿಲ್ಲ.

ಮುಂದಿನ ಹಲ್ಲನ್ನು ಉಗುರು ಕತ್ತರಿಸುವ ಸಾಧನದಿಂದ ಚಟ್ಟನೆ ತುಂಡರಿಸಿಬಿಡುವ ಪದ್ಧತಿಯೊಂದು ಹಲವೆಡೆ ಉಳಿದುಬಂದಿದೆ. ಅದು ಸಲ್ಲದು. ಹಲ್ಲು ಉದ್ದುದ್ದಕ್ಕೆ ಸೀಳಿ, ಒಳಗಿನ ಜೀವಾಂಶ ತೆರೆದುಕೊಂಡು, ಬೇರಿನಲ್ಲಿ ಕೀವು ಕಟ್ಟುತ್ತದೆ. ಮೊಲದ ಕೀವು ಎಷ್ಟು ಗಟ್ಟಿಯೆಂದರೆ ಕೊಯ್ದು ಬಿಟ್ಟರೂ ಹರಿಯುವುದಿಲ್ಲ, ಅದರ ಚೀಲವನ್ನೇ ಬಿಡಿಸಿ ತೆಗೆಯಬೇಕಾಗುತ್ತದೆ. ಹಲ್ಲನ್ನು ತಿರುಗುವ ಉಪಕರಣದಿಂದ ಉಜ್ಜಿ ಮಟ್ಟಮಾಡುವುದೇ ಯೋಗ್ಯವಾದ ಕ್ರಮ. ಹಿಂದಿನ ಹಲ್ಲುಗಳಾದರೆ ಅರಿವಳಿಕೆಯಿಲ್ಲದೆ ಅವುಗಳನ್ನು ಸರಿಯಾಗಿ ನೋಡುವುದೇ ಸಾಧ್ಯವಿಲ್ಲ.

ಅರಿವಳಿಕೆ ಎಂದೊಡನೆ ಮನೆಯವರು ಹೆದರುತ್ತಾರೆ. ಹೆದರಿಕೆ ನಿರಾಧಾರವೂ ಅಲ್ಲ. ಬ್ರಿಟನ್ನಿನಲ್ಲಿ ಬ್ರಾಡ್‌ಬೆಲ್ಟ್ ಮತ್ತು ಸಂಗಡಿಗರು ನಡೆಸಿ 2008ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ ಅರಿವಳಿಕೆ ಪಡೆದ ನಾಯಿಗಳಲ್ಲಿ ಶೇಕಡಾ 0.17, ಬೆಕ್ಕುಗಳಲ್ಲಿ 0.24 ಸತ್ತರೆ, ಮೊಲಗಳಲ್ಲಿ 1.39 ಸತ್ತವು. ಆದರೆ ಅದೇ ಲೆಕ್ಕವನ್ನು ಒಡೆದು ನೋಡಿದರೆ, ಆರೋಗ್ಯವಾಗಿದ್ದ ಮೊಲಗಳಲ್ಲಿ ಆ ಪ್ರಮಾಣ 0.73, ಮೊದಲೇ ರೋಗದಿಂದ ಕುಗ್ಗಿದ್ದವುಗಳಲ್ಲಿ 7.37. ಸತ್ತವುಗಳಲ್ಲಿ ಹೆಚ್ಚಿನ ಪಾಲು ಸತ್ತದ್ದು ಶಸ್ತ್ರಚಿಕಿತ್ಸೆಯ ಮೇಜಿನ ಮೇಲಲ್ಲ, ಅದು ಮುಗಿದ ನಂತರದ ಗಂಟೆಗಳಲ್ಲಿ. ಎಂದ ಮೇಲೆ ಮೊಲಕ್ಕೆ ಅಪಾಯವಿರುವುದು ಅರಿವಳಿಕೆಯೊಂದರಲ್ಲೇ ಅಲ್ಲ, ಅದಕ್ಕೆ ಮುಂಚಿನ ವಿಳಂಬದಲ್ಲಿಯೂ ಅನಂತರದ ಅಲಕ್ಷ್ಯದಲ್ಲಿಯೂ ಹೌದು. ಇವೆರಡೂ ಬಹುಮಟ್ಟಿಗೆ ಮನೆಯವರ ಕೈಯಲ್ಲಿವೆ.

ಮನುಷ್ಯರಿಗೂ ನಾಯಿಗಳಿಗೂ ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಉಪವಾಸ ಹೇಳುವುದನ್ನು ಕೇಳಿರುವ ನಾವು ಮೊಲವನ್ನೂ ಹಸಿದಿಟ್ಟು ಒಯ್ಯುವುದುಂಟು. ಮೊಲಕ್ಕೆ ಉಪವಾಸ ಕೂಡದು. ಅದು ವಾಂತಿ ಮಾಡಲಾರದ ಪ್ರಾಣಿ, ಆದಕಾರಣ ಅರಿವಳಿಕೆಯಲ್ಲಿ ವಾಂತಿಯಾದೀತೆಂಬ ಭಯವಿಲ್ಲ. ಪ್ರತಿಯಾಗಿ, ಅದರ ಕರುಳು ಒಂದೇ ಸಮನೆ ಚಲಿಸುತ್ತಿರಬೇಕು, ನಿಂತರೆ ಒಳಗಿನ ಆಹಾರ ಹುದುಗಿ ವಾಯು ತುಂಬಿ ಪ್ರಾಣಕ್ಕೇ ಬರುತ್ತದೆ. ಬಾಯಿಯಲ್ಲಿ ತುತ್ತು ಉಳಿಯದಂತೆ ಸ್ವಲ್ಪ ಹೊತ್ತು ಮುಂಚೆ ಆಹಾರವನ್ನು ಸರಿಸಿದರಾಯಿತು. ಕೆಟಮಿನ್ ಮೊದಲಾದ ಔಷಧಗಳನ್ನು ಚುಚ್ಚಿ, ಬೇಕಾದಲ್ಲಿ ಐಸೋಫ್ಲುರೇನ್ ಅನಿಲವನ್ನು ಆಮ್ಲಜನಕದೊಡನೆ ಕೊಡುತ್ತಾರೆ. ಮೊಲ ಮೂಗಿನಿಂದಲೇ ಉಸಿರಾಡತಕ್ಕ ಪ್ರಾಣಿಯಾದ್ದರಿಂದಲೂ, ಬಾಯಿ ಕಿರಿದಾಗಿ ಶ್ವಾಸನಾಳದ ದ್ವಾರ ಆಳದಲ್ಲಿರುವುದರಿಂದಲೂ, ಉಸಿರಿನ ನಳಿಕೆಯನ್ನು ಇಳಿಸುವುದು ಅಭ್ಯಾಸವುಳ್ಳ ಕೈಗೂ ಸುಲಭವಲ್ಲ. ದನಕ್ಕೂ ನಾಯಿಗೂ ಸಲ್ಲುವ ಅಟ್ರೊಪಿನ್ ಎಂಬ ಮದ್ದನ್ನು ಎಷ್ಟೋ ಮೊಲಗಳ ರಕ್ತವು ಬೇಗನೆ ಕರಗಿಸಿಬಿಡುತ್ತದೆ. ದನದ ವಿದ್ಯೆಯನ್ನು ಪ್ರಮಾಣವಷ್ಟೇ ತಗ್ಗಿಸಿ ಮೊಲಕ್ಕೆ ಅನ್ವಯಿಸಲು ಬಾರದೆಂಬುದಕ್ಕೆ ಇದೊಂದೇ ಸಾಕು.

ಅರಿವು ತಪ್ಪಿದ ಮೊಲದ ಬಾಯನ್ನು ಮೇಲೆ ಕೆಳಗೆ ಅಗಲಿಸುವ ಒಂದು ಚೌಕಟ್ಟು, ಕೆನ್ನೆಗಳನ್ನು ಪಕ್ಕಕ್ಕೆ ಸರಿಸುವ ಇನ್ನೊಂದು ಚಿಮಟಿಗೆ, ಸಣ್ಣ ದೀಪ—ಇಷ್ಟರ ನಡುವೆ ಬೆರಳೂ ಹಿಡಿಸದ ಸುರಂಗದೊಳಗೆ ವೈದ್ಯರು ನಾಲಗೆಯನ್ನು ಚಪ್ಪಟೆ ಚಮಚದಿಂದ ರಕ್ಷಿಸಿಕೊಂಡು ಒಂದೊಂದೇ ಮುಳ್ಳನ್ನು ಉಜ್ಜಿ ತೆಗೆಯುತ್ತಾರೆ. ಬೇರು ಕೆಟ್ಟಿದೆಯೋ ಎಂಬುದನ್ನು ತಲೆಯ ಎಕ್ಸ್‌ರೇ ಹೇಳುತ್ತದೆ. ಮುಂದಿನ ಹಲ್ಲು ಸರಿಹೋಗದಂಥದಾದರೆ ಕೆಲವು ವಾರಗಳಿಗೊಮ್ಮೆ ಉಜ್ಜಿಸುತ್ತಿರುವ ಬದಲು ಆರನ್ನೂ ಕಿತ್ತುಬಿಡುವುದು ಮೇಲು; ಬೇರಿನ ಬುಡದ ಜೀವಕೋಶಗಳನ್ನು ಪೂರ್ತಿ ನಾಶಪಡಿಸದಿದ್ದರೆ ಮಾತ್ರ ಹಲ್ಲು ಮರಳಿ ಹುಟ್ಟುತ್ತದೆ. ಬಾಚಿಹಲ್ಲಿಲ್ಲದ ಮೊಲ ಹೇಗೆ ತಿಂದೀತೆಂಬ ಚಿಂತೆ ಬೇಡ. ತುಟಿಯಿಂದಲೇ ಹುಲ್ಲನ್ನು ಎಳೆದುಕೊಳ್ಳಲು ಅದು ಕಲಿಯುತ್ತದೆ. ಸೊಪ್ಪು ತರಕಾರಿಗಳನ್ನು ಸಣ್ಣಗೆ ಹೆಚ್ಚಿಕೊಟ್ಟರೆ ಸಾಕು.

ಇನ್ನು ಮನೆಯ ಪಾಲು. ಮೊಲದ ದೇಹದ ಸಹಜ ಉಷ್ಣತೆ 38.5ರಿಂದ 40 ಡಿಗ್ರಿ ಸೆಲ್ಸಿಯಸ್. ಅರಿವಳಿಕೆಯಲ್ಲಿ ಅದು ಬೇಗ ಕುಸಿಯುತ್ತದೆ. ಕನಗನಹಳ್ಳಿಯ ಬೌದ್ಧ ಸ್ತೂಪದ ಶಿಲ್ಪಗಳನ್ನು ಕಡೆದದ್ದೂ, ನಮ್ಮ ಮನೆಗಳ ನೆಲಕ್ಕೆ ಹಾಸಿದ್ದೂ ಈ ಸೀಮೆಯ ಸುಣ್ಣಕಲ್ಲನ್ನೇ. ಬೇಸಿಗೆಯ ಉರಿಯಲ್ಲಿ ಶಹಾಬಾದಿ ಫರಸಿಯ ಮೇಲೆ ಹೊಟ್ಟೆ ಚಾಚಿ ಮಲಗುವ ಮೊಲಕ್ಕೆ ಅದಕ್ಕಿಂತ ಹಿತವಾದ ಹಾಸಿಗೆ ಬೇರಿಲ್ಲ. ಚಿಕಿತ್ಸೆಯ ದಿನ ಮಾತ್ರ ಆ ಕಲ್ಲು ಅದರ ಮೈಕಾವನ್ನು ಹೀರಿಕೊಳ್ಳುವ ವೈರಿ. ರಟ್ಟಿನ ಪೆಟ್ಟಿಗೆಯಲ್ಲಿ ಹಳೆಯ ಕಂಬಳಿ ಹಾಸಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಒಂದು ಪಕ್ಕಕ್ಕಿಟ್ಟು, ಬೇಡವಾದರೆ ದೂರ ಸರಿಯಲು ಜಾಗವನ್ನೂ ಬಿಟ್ಟು, ನಾಯಿ ಬೆಕ್ಕುಗಳ ಸದ್ದಿಲ್ಲದ ಕೋಣೆಯಲ್ಲಿ ಇಡಬೇಕು.

ಎಚ್ಚರವಾದ ಕೆಲವು ತಾಸಿನೊಳಗೆ ಅದು ತಿನ್ನತೊಡಗಬೇಕು. ತಿನ್ನದಿದ್ದರೆ ವೈದ್ಯರು ಹೇಳಿದ ನಾರಿನ ಪುಡಿಯನ್ನೋ, ಮೊಲದ ಗುಳಿಗೆ ಆಹಾರವನ್ನು ನೀರಲ್ಲಿ ನೆನೆಸಿ ಕಿವುಚಿದ್ದನ್ನೋ ಸೂಜಿಯಿಲ್ಲದ ಸಿರಿಂಜಿನಲ್ಲಿ ತುಂಬಿ, ಬಾಚಿಹಲ್ಲಿನ ಹಿಂದಿನ ಆ ತೆರಪಿನಲ್ಲಿ ಪಕ್ಕದಿಂದ ತೂರಿಸಿ, ತುಸುತುಸುವಾಗಿ, ನುಂಗಿದ್ದನ್ನು ನೋಡಿಕೊಂಡು ಕೊಡಬೇಕು. ಅವಸರಪಟ್ಟರೆ ಶ್ವಾಸಕೋಶಕ್ಕೆ ಇಳಿದೀತು. ಪೂರ್ತಿ ಎಚ್ಚರವಾಗದ ಪ್ರಾಣಿಗೆ ಏನನ್ನೂ ಹಾಕಕೂಡದು. ಹಿಕ್ಕೆ ಬೀಳುತ್ತಿದೆಯೇ, ಎಷ್ಟು ದಪ್ಪ, ಎಷ್ಟು ಸಂಖ್ಯೆ ಎಂಬುದನ್ನು ನೋಡತಕ್ಕದ್ದು. ಅರ್ಧ ದಿನ ಕಳೆದರೂ ಹಿಕ್ಕೆಯೂ ಇಲ್ಲ, ಮೇವೂ ಇಲ್ಲವೆಂದರೆ ಬೆಳಗಾಗಲೆಂದು ಕಾಯದೆ ವೈದ್ಯರನ್ನು ಎಬ್ಬಿಸಬೇಕು. ನೋವಿನ ಔಷಧವನ್ನು ನಿಲ್ಲಿಸಬಾರದು, ಏಕೆಂದರೆ ಮೊಲ ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ; ಮೂಲೆಯಲ್ಲಿ ಮುದುಡಿ ಹಲ್ಲು ಕಡಿಯುತ್ತಾ ಕೂರುತ್ತದೆ. ಮನೆಯ ಡಬ್ಬಿಯಲ್ಲಿ ಉಳಿದ ಅಮಾಕ್ಸಿಸಿಲಿನ್ ಮಾತ್ರೆಯನ್ನು ಅರೆದು ಕುಡಿಸುವ ಧೈರ್ಯವನ್ನಂತೂ ಯಾರೂ ಮಾಡಬಾರದು. ಬಾಯಿಂದ ಕೊಟ್ಟ ಆ ಜಾತಿಯ ಔಷಧ ಕರುಳಿನ ಉಪಕಾರಿ ಜೀವಾಣುಗಳನ್ನು ಕೊಂದು, ವಿಷಕಾರಿಗಳಿಗೆ ಎಡೆಮಾಡಿಕೊಟ್ಟು ಮೊಲವನ್ನೇ ಬಲಿ ತೆಗೆದುಕೊಳ್ಳುತ್ತದೆ.

ಗಾಯ ಮಾಗಿದ ಮೇಲೆ ಹಳೆಯ ರೊಟ್ಟಿಗೇ ಮರಳಿದರೆ ಮುಳ್ಳುಗಳೂ ಮರಳುತ್ತವೆ. ಒಣಹುಲ್ಲು ದಿನವಿಡೀ ಎದುರಿಗಿರಲಿ, ಗರಿಕೆ ಯಥೇಚ್ಛವಾಗಿರಲಿ, ಗಜ್ಜರಿ ಅಪರೂಪಕ್ಕೊಂದು ತುಂಡು. ಚೆನ್ನಾಗಿ ಒಣಗಿದ ಜೋಳದ ಕಣಿಕೆಯ ಎಲೆಯನ್ನು ಹುಲ್ಲಿನೊಡನೆ ಸೇರಿಸಬಹುದು. ಎಳೆಯ ಹಸಿ ಜೋಳದ ವಿಷ ದನ ಕಾಯುವವರಿಗೆಲ್ಲ ಗೊತ್ತಿರುವುದೇ.

ಚಿಂಚೋಳಿ, ಸೇಡಂ ಕಡೆಯವರಿಗೆ ಬೀದರಿನ ನಂದಿನಗರದ ಪಶುವೈದ್ಯಕೀಯ ಮಹಾವಿದ್ಯಾಲಯ ದೂರವಲ್ಲ. ವಾಡಿ, ಚಿತ್ತಾಪುರ, ಸೇಡಂಗಳಿಂದ ಸಿಕಂದರಾಬಾದಿಗೆ ನೇರ ರೈಲುಮಾರ್ಗವಿದ್ದು, ಹೈದರಾಬಾದಿನಲ್ಲಿ ಸಣ್ಣ ಪ್ರಾಣಿಗಳನ್ನೇ ನೋಡುವ ವೈದ್ಯರು ಸಿಗುತ್ತಾರೆ. ಬೇಸಿಗೆಯಲ್ಲಾದರೆ ನಸುಕಿನಲ್ಲಿಯೇ ಹೊರಡಿರಿ, ಬುಟ್ಟಿಯಲ್ಲಿ ಹುಲ್ಲಿರಲಿ. ಹೋದಲ್ಲಿ, “ಈ ಮೊದಲು ಮೊಲಕ್ಕೆ ಅರಿವಳಿಕೆ ಕೊಟ್ಟಿದ್ದೀರಾ?” ಎಂದು ಸಂಕೋಚವಿಲ್ಲದೆ ಕೇಳಿರಿ. ಇಲ್ಲವೆಂದು ಒಪ್ಪಿಕೊಂಡು ಬೇರೆಡೆಗೆ ಚೀಟಿ ಬರೆದುಕೊಟ್ಟ ವೈದ್ಯರು ನಿಮಗೆ ಉಪಕಾರವನ್ನೇ ಮಾಡಿದ್ದಾರೆ. ಆ ಚೀಟಿ ಹಿಡಿದು ಅಂದೇ ಹೊರಡಿರಿ. ಮೇವು ಬಿಟ್ಟ ಮೊಲಕ್ಕೆ ಮೂರನೆಯ ದಿನದವರೆಗೆ ಕಾಯುವ ಶಕ್ತಿಯಿಲ್ಲ.