ಮನೆಯಲ್ಲೇ ಕುಳಿತು ಟೆಕ್, ಬಿಸಿನೆಸ್ ಬರಹ ಬರೆದರೆ ತಿಂಗಳಿಗೆ 30,000 ರೂಪಾಯಿ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

“ಮೊಬೈಲ್, ಬಿಸಿನೆಸ್ ಬಗ್ಗೆ ಕನ್ನಡದಲ್ಲಿ ಬರೆಯಿರಿ. ಮನೆಯಲ್ಲೇ ಕುಳಿತು ತಿಂಗಳಿಗೆ 30,000 ರೂಪಾಯಿ ಗಳಿಸಿ. ಸಣ್ಣ ನೋಂದಣಿ ಶುಲ್ಕ ಮಾತ್ರ.” ಇಂಥ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಗೋಕಾಕ, ಮೂಡಲಗಿ, ಹುಕ್ಕೇರಿಯಂಥ ಊರುಗಳಲ್ಲಿ ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವವರಿಗೆ ಇದು ಆಸೆ ಹುಟ್ಟಿಸುವ ಮಾತು. ಬರೆದು ಬದುಕಲು ಆಗುತ್ತದೆಯೇ? ಆಗುತ್ತದೆ. ಆದರೆ ಈ ಸಂದೇಶ ತೋರಿಸುವ ದಾರಿಯಲ್ಲಿ ಅಲ್ಲ.

ಮೋಸ ಎಲ್ಲಿದೆ?

ಬರಹದ ಕೆಲಸದಲ್ಲಿ ಹಣ ಬರುವುದು ಬರೆಸಿಕೊಂಡವರಿಂದ ಬರೆದವರಿಗೆ. ಅದು ತಿರುಗಿದರೆ ಅನುಮಾನಿಸಿ. ವಂಚಕರು ಮೊದಲು ಶುಲ್ಕ ಕೇಳುತ್ತಾರೆ. ಆಮೇಲೆ ಆನ್‌ಲೈನ್ ಒಪ್ಪಂದಕ್ಕೆ ಸಹಿ ಹಾಕಿಸಿ, “ನಿಮ್ಮ ಕೆಲಸದಲ್ಲಿ ತಪ್ಪುಗಳಿವೆ, ದಂಡ ಕಟ್ಟಿ” ಎಂದು ನಕಲಿ ವಕೀಲರ ನೋಟಿಸ್ ಕಳಿಸಿ ಹೆದರಿಸುತ್ತಾರೆ.

ಇನ್ನೊಂದು ತಂತ್ರ: “ನಿಮ್ಮ ಸಂಭಾವನೆ ಸಿದ್ಧವಿದೆ, ಮೊದಲು ತೆರಿಗೆ ಕಟ್ಟಿ.” ನಿಜವಾದ ಸಂಸ್ಥೆ ಟಿಡಿಎಸ್ ಹಿಡಿಯಬೇಕಾಗಿ ಬಂದರೆ ಅದನ್ನು ಸಂಭಾವನೆಯಲ್ಲೇ ಕಳೆದು ಉಳಿದದ್ದನ್ನು ಖಾತೆಗೆ ಹಾಕುತ್ತದೆ. ಹಾಗೆ ಕಳೆದದ್ದು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಪ್ಯಾನ್ ಎದುರು ಕಾಣುತ್ತದೆ. ನಿಮ್ಮಿಂದ ಯುಪಿಐ ಮೂಲಕ ತೆರಿಗೆ ಕೇಳುವುದಿಲ್ಲ.

ಹಾಗಾದರೆ ನಿಜವಾದ ಆದಾಯ ಎಲ್ಲಿಂದ?

ಕನ್ನಡದಲ್ಲಿ ತಂತ್ರಜ್ಞಾನದ ಬಗ್ಗೆ ಬರೆದು ಹೆಸರಾದವರನ್ನೇ ನೋಡೋಣ. ‘ಗ್ಯಾಜೆಟ್ ಲೋಕ’ ಅಂಕಣದ ಯು. ಬಿ. ಪವನಜ ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದವರು. ‘ಇಜ್ಞಾನ’ ಜಾಲತಾಣ ಕಟ್ಟಿದ ಟಿ. ಜಿ. ಶ್ರೀನಿಧಿ ಓದಿದ್ದು ಎಂಜಿನಿಯರಿಂಗ್. ವಿಜ್ಞಾನ ಬರಹಗಾರ ನಾಗೇಶ ಹೆಗಡೆ ಪತ್ರಿಕೆಯಲ್ಲಿ ಉದ್ಯೋಗಿಯಾಗಿದ್ದರು. ಒಬ್ಬೊಬ್ಬರದು ಒಂದೊಂದು ದಾರಿ. ಆದರೆ ಮೂವರ ಬರಹದ ಹಿಂದೆಯೂ ಓದು ಅಥವಾ ಉದ್ಯೋಗದ ಆಸರೆ ಇತ್ತು.

ಬಿಡಿ ಲೇಖನಗಳ ಸಂಭಾವನೆಯೊಂದರಿಂದಲೇ ಮನೆ ನಡೆಸುವುದು ಕಷ್ಟ. ಪತ್ರಿಕೆ, ಜಾಲತಾಣದ ನೌಕರಿ, ಕಂಪನಿಗಳಿಗೆ ಅನುವಾದ, ವಿಡಿಯೋಗೆ ಸ್ಕ್ರಿಪ್ಟ್ ಸೇರಿದಾಗ ಸಂಪಾದನೆ ಕೂಡುತ್ತದೆ. ಸ್ವಂತ ಬ್ಲಾಗ್‌ಗೆ ಗೂಗಲ್ ಆಡ್‌ಸೆನ್ಸ್ ಜಾಹೀರಾತು ಹಾಕಬಹುದು. ಸೇರಲು ಶುಲ್ಕವಿಲ್ಲ, ಆದರೆ ಗಳಿಕೆ 100 ಡಾಲರ್ ಮುಟ್ಟುವವರೆಗೆ ಹಣ ಬಿಡುಗಡೆಯಾಗುವುದಿಲ್ಲ. ಓದುಗರು ಕಡಿಮೆ ಇದ್ದರೆ ಅದಕ್ಕೆ ತಿಂಗಳುಗಳೇ ಹಿಡಿಯಬಹುದು.

ಊರಲ್ಲಿದ್ದು ಬರೆಯಲು ಏನಿದೆ?

ಹೊಸ ಫೋನಿನ ವಿಮರ್ಶೆಯನ್ನು ಯಾರು ಬೇಕಾದರೂ ಬರೆಯುತ್ತಾರೆ. ನಿಮ್ಮೂರಿನ ವಿಷಯ ನಿಮಗೆ ಮಾತ್ರ ಹತ್ತಿರ.

2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ಟನ್‌ಗೆ 3,500 ರೂಪಾಯಿ ಕೇಳಿ ಹೋರಾಡಿದರು. ಆ ಹಂಗಾಮಿಗೆ ಕೇಂದ್ರ ಸರ್ಕಾರದ ಎಫ್‌ಆರ್‌ಪಿ ಕ್ವಿಂಟಲ್‌ಗೆ 355 ರೂಪಾಯಿ, ಅಂದರೆ ಟನ್‌ಗೆ 3,550. ಅದಕ್ಕಿಂತ ಕಡಿಮೆ ಬೆಲೆಗೆ ಹೋರಾಟ ಏಕೆ? ಏಕೆಂದರೆ ಎಫ್‌ಆರ್‌ಪಿಯಲ್ಲಿ ಕಟಾವು, ಸಾಗಣೆ ಖರ್ಚೂ ಸೇರಿದೆ. ಅದು ಕಳೆದ ಮೇಲೆ ಕೈಗೆ ಬರುವುದು ಕಡಿಮೆ. ಜೊತೆಗೆ ಈ ದರ ಶೇ 10.25 ಸಕ್ಕರೆ ಇಳುವರಿಗೆ ನಿಗದಿಯಾದದ್ದು. ಈ ಲೆಕ್ಕವನ್ನು ಸರಳವಾಗಿ ಬಿಡಿಸಿ ಬರೆಯುವುದೇ ಬಿಸಿನೆಸ್ ಬರಹ.

ಹುಕ್ಕೇರಿಯಲ್ಲಿ ವಿದ್ಯುತ್ ಹಂಚುವುದು ಸಹಕಾರ ಸಂಘ. 1969ರಿಂದ ಅದು ಹೇಗೆ ನಡೆದುಬಂದಿದೆ? ಗೋಕಾಕದ ಕರದಂಟು ಆನ್‌ಲೈನ್‌ನಲ್ಲಿ ಮಾರಿದರೆ ಅಂಗಡಿಯವರಿಗೆ ಉಳಿಯುವುದೆಷ್ಟು? ಹೋಗಿ ಕೇಳಿ, ರಸೀದಿ ನೋಡಿ, ಬರೆಯಿರಿ. ಅಂಥ ನಾಲ್ಕೈದು ಬರಹಗಳಿದ್ದರೆ ಸಂಪಾದಕರ ಮುಂದೆ ಇಡಲು ನಿಮ್ಮ ಹತ್ತಿರ ಏನಾದರೂ ಇದ್ದಂತೆ.

ನೆನಪಿಡಿ

• ಕೆಲಸ ಕೊಡಲು ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಿ.
• ಒಟಿಪಿಯನ್ನು ಯಾರಿಗೂ ಹೇಳಬೇಡಿ. ಬೇರೆಯವರ ಹಣ ಸಾಗಿಸಲು ನಿಮ್ಮ ಖಾತೆ ಕೊಡಬೇಡಿ.
• ಬರೆಯುವ ಮೊದಲೇ ಎಷ್ಟು ಹಣ, ಯಾವಾಗ ಎಂಬುದನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ.
• ಹಣ ಕಳೆದುಕೊಂಡಿದ್ದರೆ ನಾಚಿಕೊಂಡು ಸುಮ್ಮನಿರಬೇಡಿ. ಕೂಡಲೇ 1930ಕ್ಕೆ ಕರೆ ಮಾಡಿ. ತಡವಾದಷ್ಟೂ ಹಣ ತಡೆಹಿಡಿಯುವುದು ಕಷ್ಟ.

ಆ ಸಂದೇಶ ಮತ್ತೆ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ “ಶುಲ್ಕ ಯಾಕೆ?” ಎಂದು ಒಂದೇ ಪ್ರಶ್ನೆ ಕೇಳಿ.